ಕಡಲಾಮೆಯ ಕಿವಿ

ನಮ್ಮ ಕಡೆ ಕುರಿಮರಿಯನ್ನು ಪಾಲಿಗೆ ಕೊಡುತ್ತಾರೆ. ಮರಿ ನನ್ನದು, ಮೇಯಿಸುವುದು ನಿನ್ನದು, ಹುಟ್ಟಿದ್ದರಲ್ಲಿ ಇಬ್ಬರಿಗೂ ಅರ್ಧ. ಬರೆದುಕೊಳ್ಳುವುದಿಲ್ಲ, ಸಾಕ್ಷಿ ಕರೆಯುವುದಿಲ್ಲ. ಕೊಟ್ಟವನು ಮರಿಯ ಕಿವಿಗೆ ತನ್ನ ಗುರುತಿನ ಕಚ್ಚು ಹಾಕಿರುತ್ತಾನೆ, ಅಷ್ಟೆ. ಮರಿ ಸತ್ತರೆ ಮೇಯಿಸುತ್ತಿದ್ದವನು ಅದರ ಕಿವಿ ಕೊಯ್ದು, ತಡಮಾಡದೆ ತಂದು, ಕೊಟ್ಟವನ ಮುಂದೆ ಇಡಬೇಕು. ಮಾರಿಕೊಂಡಿಲ್ಲ, ನಿಜವಾಗಿಯೂ ಸತ್ತಿತು ಎನ್ನುವುದಕ್ಕೆ ಆ ಕಿವಿಯೇ ಮಾತು.

ನಾನು ಚಿಕ್ಕವಳಿದ್ದಾಗ ಯಲ್ಲದಕೆರೆಯಲ್ಲಿ ತಾತನ ಜಗುಲಿಯ ಮೇಲೆ ಇದನ್ನು ಕಣ್ಣಾರೆ ನೋಡಿದ್ದೇನೆ. ಒಬ್ಬ ಬಂದ, ಮುತ್ತುಗದ ಎಲೆಯಲ್ಲಿ ಸುತ್ತಿದ್ದನ್ನು ಕೆಳಗಿಟ್ಟು ದೂರ ನಿಂತ. ತಾತ ಎಲೆ ಬಿಚ್ಚಿ, ಕಿವಿಯ ಕಚ್ಚಿನ ಮೇಲೆ ಹೆಬ್ಬೆರಳು ಆಡಿಸಿ, ಎರಡೇ ಮಾತು ಹೇಳಿದ. "ಊಟ ಮಾಡ್ಕಂಡು ಹೋಗು. ಇನ್ನೊಂದು ಮರಿ ಹಿಡ್ಕಂಡು ಹೋಗು." ಅಲ್ಲಿಗೆ ಮುಗಿಯಿತು. ಯಾಕೆ ಸತ್ತಿತು, ನೀನೇನು ಮಾಡುತ್ತಿದ್ದೆ ಎಂದು ಕೇಳುವ ಹಾಗಿಲ್ಲ. ಇನ್ನೊಬ್ಬ ಬಂದದ್ದು ಮರಿ ಸತ್ತು ಎಷ್ಟೋ ದಿನವಾದ ಮೇಲೆ, ಬರಿಗೈಯಲ್ಲಿ, ತೋಳ ಹೊತ್ತೊಯ್ದ ಕಥೆ ಹೇಳಿಕೊಂಡು. ತಾತ ಅವನಿಗೂ ಮುದ್ದೆ ಹಾಕಿಸಿದ. ಆದರೆ ಎರಡನೇ ಮಾತು ಆಡಲಿಲ್ಲ. ಆಮೇಲೆ ಸುತ್ತಮುತ್ತ ಯಾರೂ ಅವನ ಕೈಗೆ ಮರಿ ಕೊಟ್ಟಿದ್ದನ್ನು ನಾನು ಕಾಣೆ.

"ಒಂದು ಮರಿ ಸತ್ತಿದ್ಕೆ ಇಷ್ಟು ಸಿಟ್ಟಾ ತಾತ?" ಎಂದು ಕೇಳಿದ್ದೆ.

"ಸತ್ತಿದ್ಕೆ ಸಿಟ್ಟಿಲ್ಲ ಕಣವ್ವಾ. ಅದು ಬದುಕೈತೆ ಅಂತ ನಾನು ಇಷ್ಟು ದಿನ ಅನ್ಕಂಡಿದ್ನಲ್ಲ, ಅದುಕ್ಕೆ."

ಇಂಥ ಮನೆಯಲ್ಲಿ ಹುಟ್ಟಿದವಳು ಕಡಲಾಮೆಗಳ ಹಿಂದೆ ಬಿದ್ದದ್ದು ಹೇಗೆ ಎಂದು ಜನ ಇನ್ನೂ ಕೇಳುತ್ತಾರೆ. ನಮ್ಮ ಹಿರಿಯೂರು ಕಡೆಯವರಿಗೆ ನೀರು ಎಂದರೆ ಮಾರಿಕಣಿವೆಯ ಅಣೆಕಟ್ಟು. ಕಡಲು ಅದಕ್ಕಿಂತ ದೊಡ್ಡದು, ಉಪ್ಪಗಿರುತ್ತದೆ, ಅಷ್ಟೇ ನನಗೂ ಗೊತ್ತಿದ್ದದ್ದು. ನನ್ನನ್ನು ಆ ಕಡೆ ಎಳೆದವಳು ಗೆಳತಿ. ಹೊಳಲ್ಕೆರೆಯವಳು, ಸಿರಿಗೆರೆಯಲ್ಲಿ ಓದುವಾಗ ನನಗಿಂತ ಒಂದು ವರ್ಷ ಮುಂದಿದ್ದಳು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ನಾನು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಮುಂದೆ ಅವಳಿಗೆ ಕರಾವಳಿಯಲ್ಲಿ, ಬಲೆಗೆ ಸಿಕ್ಕಿ ಗಾಯವಾದ ಕಡಲಾಮೆಗಳನ್ನು ಸಾಕಿ ಗುಣಪಡಿಸಿ ಮತ್ತೆ ನೀರಿಗೆ ಬಿಡುವ ಒಂದು ಸಣ್ಣ ಕೇಂದ್ರದಲ್ಲಿ ಕೆಲಸವಾಯಿತು. "ಬಾರೇ, ಕುರಿ ಕಾದೋಳಿಗೆ ಆಮೆ ಕಾಯೋದೇನು ಕಷ್ಟ" ಎಂದು ನನ್ನನ್ನೂ ಕರೆಸಿಕೊಂಡಳು. ಹೋದೆ, ಅಲ್ಲೇ ನಿಂತೆ.

ಮರಿ ಆಮೆಗಳ ವಿಷಯದಲ್ಲಿ ಒಂದು ಕುತೂಹಲವಿದೆ. ಮರಳಲ್ಲಿ ಮೊಟ್ಟೆಯೊಡೆದು ನೀರಿಗೆ ಇಳಿದವು ದೊಡ್ಡವಾಗಿ ದಡದ ಹತ್ತಿರ ಕಾಣಿಸಿಕೊಳ್ಳುವ ತನಕ ಎಲ್ಲಿ ಅಲೆಯುತ್ತವೆ, ಎಷ್ಟು ಆಳಕ್ಕೆ ಹೋಗುತ್ತವೆ ಎನ್ನುವುದನ್ನು ನೋಡಿದವರು ಕಡಿಮೆ. ಅದಕ್ಕೆಂದೇ ಬೆನ್ನ ಚಿಪ್ಪಿಗೆ ಒಂದು ಪುಟ್ಟ ಯಂತ್ರವನ್ನು ಗಟ್ಟಿ ಅಂಟಿನಲ್ಲಿ ಕೂರಿಸುತ್ತೇವೆ. ಟ್ಯಾಗ್ ಎನ್ನುತ್ತಾರೆ. ಅದಕ್ಕೊಂದು ಸಣ್ಣ ಮೀಸೆಯಂಥ ಆಂಟೆನಾ. ಆಮೆ ಉಸಿರಿಗೆಂದು ಮೇಲೆ ಬಂದಾಗ ಟ್ಯಾಗ್ ನೀರಿನಿಂದ ಹೊರಗೆ ಬಂದು ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ: ಇಲ್ಲಿದ್ದೇನೆ, ಇಷ್ಟು ಆಳಕ್ಕೆ ಹೋಗಿದ್ದೆ, ಇಷ್ಟು ಹೊತ್ತು ಕೆಳಗಿದ್ದೆ. ಮುಳುಗಿದ ಕೂಡಲೇ ಮೌನ. ಚೆನ್ನಾಗಿರುವ ಆಮೆ ಹೆಚ್ಚು ಹೊತ್ತು ನೀರಿನೊಳಗೇ ಇರುವುದರಿಂದ ಅದರಿಂದ ಬರುವ ಮಾತು ಕಡಿಮೆ. ಎಡೆಬಿಡದೆ ಸುದ್ದಿ ಬರತೊಡಗಿದರೆ ಆಮೆ ಮುಳುಗಲಾರದೆ ತೇಲುತ್ತಿದೆ ಎಂದು ಅರ್ಥ, ಇಲ್ಲವೇ ಅದು ಬದುಕಿಲ್ಲ.

ಇದನ್ನು ಅವ್ವನಿಗೆ ಫೋನಿನಲ್ಲಿ ಬಿಡಿಸಿ ಹೇಳಿದಾಗ ಅವಳು, "ಹಂಗಾರೆ ಸುಮ್ಕಿದ್ರೆ ಚೆನ್ನಾಗೈತೆ, ಬಾಯಿ ಮಾಡ್ತಾನೇ ಇದ್ರೆ ಏನೋ ಎಡವಟ್ಟಾಗೈತೆ. ಸೊಸೇರ ಥರ ಅನ್ನು" ಎಂದಳು. ಕೇಂದ್ರದಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೆ. ತಾತನ ಕಿವಿಯ ಕಥೆಯನ್ನೂ ಹೇಳಿದ್ದರಿಂದ ಅಕ್ಕನ ಬಾಯಲ್ಲಿ ಟ್ಯಾಗಿಗೆ 'ಕಿವಿ' ಎಂದೇ ಹೆಸರಾಯಿತು. "ಅದುಕ್ಕೆ ಕಿವಿ ಅಂಟಿಸ್ದೇನೇ?" ಎಂದು ಕೇಳುತ್ತಿದ್ದಳು.

ನಾನು ಬಸುರಿಯಾದ ವರ್ಷ ಎರಡು ಮರಿ ಆಮೆಗಳು ಒಂದೇ ಹರಿದ ಬಲೆಯಲ್ಲಿ ಸಿಕ್ಕಿಕೊಂಡು ಬಂದವು. ರೊಟ್ಟಿ ಹಂಚಿನಷ್ಟು ಅಗಲ. ಒಂದರ ಮುಂಗಾಲನ್ನು ಬಲೆಯ ದಾರ ಅರ್ಧ ಕೊಯ್ದಿತ್ತು, ಅದು ಕುಂಟಿ. ಇನ್ನೊಂದರ ಹಣೆಯ ಮೇಲೆ ಬಿಳಿ ಮಚ್ಚೆ, ಅದು ಚುಕ್ಕಿ. ಕುರಿಗೆ ಹೆಸರಿಡುವ ಹಾಗೆಯೇ ಇಟ್ಟೆ. ಎರಡಕ್ಕೂ ಒಂದೇ ಕಾಯಿಲೆ: ಚಿಪ್ಪಿನೊಳಗೆ ಗಾಳಿ ಸೇರಿಕೊಂಡು ಮುಳುಗಲು ಆಗುತ್ತಿರಲಿಲ್ಲ. ಹಿಂಭಾಗ ಮೇಲಕ್ಕೆದ್ದು, ತಲೆ ಕೆಳಗಾಗಿ, ಕೈಕಾಲು ಬಡಿದು ಸುಸ್ತಾಗುತ್ತಿದ್ದವು. ಮುಳುಗಲಾರದ ಆಮೆಗೆ ಮೇವಿಲ್ಲ, ನೆರಳಿಲ್ಲ, ದೋಣಿಯಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ತಿಂಗಳುಗಟ್ಟಲೆ ಔಷಧಿ ಕೊಟ್ಟು, ಬೆನ್ನಿಗೆ ಸಣ್ಣ ತೂಕ ಕಟ್ಟಿ, ಆ ತೂಕವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಮುಳುಗುವುದನ್ನು ಮತ್ತೆ ಕಲಿಸಿದೆ. ಕುಂಟಿ ಒಂದು ದಿನ ತೊಟ್ಟಿಯ ತಳಕ್ಕೆ ಹೋಗಿ ಮೂಲೆಯಲ್ಲಿ ನಿದ್ದೆ ಮಾಡಿತು. ನಾನು ಹೊಟ್ಟೆ ಹಿಡಿದುಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತೆ. ಚುಕ್ಕಿಯೂ ಮುಳುಗುತ್ತಿತ್ತು, ಆದರೆ ಕೆಲವು ದಿನ ಅದರ ಹಿಂಭಾಗ ಮತ್ತೆ ಮೇಲೇಳುತ್ತಿತ್ತು.

ತೊಟ್ಟಿಯ ಆಳ ನನ್ನ ಎದೆಯಷ್ಟು. ಅಲ್ಲಿ ಮುಳುಗಿದ್ದು ಕಡಲಿನಲ್ಲಿ ಮುಳುಗೀತೇ ಎನ್ನುವುದು ಬಿಟ್ಟು ನೋಡುವ ತನಕ ಗೊತ್ತಾಗುವುದಿಲ್ಲ. ಅದಕ್ಕೇ ಅಕ್ಕನೂ ನಾನೂ ಒಂದು ಒಪ್ಪಂದ ಮಾಡಿಕೊಂಡೆವು. ಮೊದಲು ಕುಂಟಿ. ಅದು ಕಡಲಿನಲ್ಲಿ ತಿಂಗಳುಗಟ್ಟಲೆ ಮುಳುಗಿದರೆ ಆಮೇಲೆ ಚುಕ್ಕಿ. ಕುಂಟಿ ತೇಲಿದರೆ ಚುಕ್ಕಿ ತೊಟ್ಟಿ ಬಿಟ್ಟು ಹೋಗುವ ಹಾಗಿಲ್ಲ. ಸಾಕಿದವಳು ನಾನಾದ್ದರಿಂದ ಚುಕ್ಕಿಯನ್ನು ಬಿಡಲು ನನ್ನ ಹೂಂ ಬೇಕು ಎಂದು ಅಕ್ಕನೇ ಹೇಳಿದಳು.

ಕಾರ್ತಿಕದಲ್ಲಿ ಕಡಲು ತಣ್ಣಗಾದ ಮೇಲೆ ಕುಂಟಿಯನ್ನು ಬಿಟ್ಟೆವು. ಅದರ ಬೆನ್ನಿಗೆ ಕಿವಿ ಅಂಟಿಸಿದ್ದು ನಾನೇ. ಮರಳಲ್ಲಿ ನಾಲ್ಕು ಹೆಜ್ಜೆ ತೆವಳಿ, ಒಂದು ಅಲೆಯನ್ನು ಮೈಮೇಲೆ ಹಾಕಿಕೊಂಡು, ತಿರುಗಿಯೂ ನೋಡದೆ ಹೋಯಿತು. ಮಾರನೇ ದಿನ ಅವ್ವ ಬಂದು ನನ್ನನ್ನು ಹೆರಿಗೆಗೆ ಕರೆದುಕೊಂಡು ಹೊರಟಳು. ಬಸ್ಸಿನ ಕಿಟಕಿಯ ಹತ್ತಿರ ನಿಂತು ಅಕ್ಕ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ನೀನು ನೆಮ್ಮದಿಯಾಗಿ ಹಡಿಯೇ. ಕುಂಟಿ ನನ್ನ ಪಾಲಿಗೈತೆ. ಏನಾರಾ ಆದ್ರೆ ಕಿವಿ ತಂದು ನಿನ್ನ ಮುಂದೆ ಇಡ್ತೀನಿ."

ಹಿರಿಯೂರಿನ ಮನೆಯಲ್ಲಿ ಹೆರಿಗೆಯ ತನಕ ನಾನೇ ಲ್ಯಾಪ್‌ಟಾಪ್ ತೆರೆದು ನೋಡುತ್ತಿದ್ದೆ. ಮೊದಮೊದಲು ಕುಂಟಿ ಮೇಲೆಮೇಲೇ ಇತ್ತು. ಆಮೇಲೆ ದಡದಿಂದ ಸ್ವಲ್ಪ ದೂರದ ಒಂದು ಬಂಡೆಗಡ್ಡೆಯ ಹತ್ತಿರ ಮುಳುಗತೊಡಗಿತು, ಮೌನ ಉದ್ದವಾಗುತ್ತಾ ಬಂತು. ನಕ್ಷೆಯ ಮೇಲೆ ಚುಕ್ಕೆಗಳು ಅಪರೂಪವಾದಷ್ಟೂ ನನಗೆ ಹೊಟ್ಟೆ ತುಂಬುತ್ತಿತ್ತು. ಅವ್ವ ರೊಟ್ಟಿ ತಟ್ಟುತ್ತಾ, "ಏನಂತೈತೆ ನಿನ್ ಸೊಸೆ?" ಎಂದು ಕೇಳುತ್ತಿದ್ದಳು. "ಸುಮ್ಕೈತೆ ಕಣವ್ವಾ" ಎಂದರೆ "ಹಂಗಿರ್ಬೇಕು" ಎನ್ನುತ್ತಿದ್ದಳು.

ಮಗಳು ಹುಟ್ಟಿದಳು. ಅಲ್ಲಿಂದ ಬಾಣಂತನದ ಕಾಯಿದೆ ಶುರುವಾಯಿತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು, ಬೆಳ್ಳುಳ್ಳಿ, ಮೈ ಸುಡುವ ನೀರು, ಸಾಂಬ್ರಾಣಿ ಹೊಗೆ. ಫೋನ್ ನೋಡಿದರೆ ಬಾಣಂತಿಯ ಕಣ್ಣು ಹೋಗುತ್ತದೆ ಎಂದು ಅವ್ವ ಫೋನನ್ನೂ ಲ್ಯಾಪ್‌ಟಾಪನ್ನೂ ಒಯ್ದು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಶುವೈದ್ಯಕೀಯ ಓದಿದವಳು ನಾನು, ನಗು ಬಂತು. ಆದರೆ ಹೊಲಿಗೆ ಹಾಕಿಸಿಕೊಂಡು ಮಲಗಿದವಳಿಗೆ ಜಗಳಕ್ಕೆ ತ್ರಾಣ ಎಲ್ಲಿ? ಅಕ್ಕ ದಿನಾ ಸಂಜೆ ಅವ್ವನ ಫೋನಿಗೆ ಮಾಡುವುದು, ಅವ್ವ ಸ್ಪೀಕರ್ ಹಾಕಿ ನನ್ನ ತಲೆದಿಂಬಿನ ಹತ್ತಿರ ಇಡುವುದು ಎಂದು ತೀರ್ಮಾನವಾಯಿತು.

ಅಕ್ಕ ಒಂದು ಸಂಜೆಯೂ ತಪ್ಪಿಸಲಿಲ್ಲ. "ಇವತ್ತು ನಿನ್ ಕುಂಟಿ ಬಂಡೆ ತಾವೇ ಐತೆ. ಚೆನ್ನಾಗಿ ಮುಳುಗ್ತೈತೆ, ತಳದಾಗೇ ಮಲಗ್ತೈತೆ. ನೀನೂ ಮಲಕ್ಕೋ" ಎನ್ನುತ್ತಿದ್ದಳು. ಮಗುವಿಗೆ ಹಾಲು ಸಾಲದೆ ಅಳು ಬಂದ ದಿನಗಳಲ್ಲಿ, ಸುಮ್ಮಸುಮ್ಮನೆ ಎದೆ ಹಾರುತ್ತಿದ್ದ ದಿನಗಳಲ್ಲಿ, ನನಗೆ ಆ ಮಾತೇ ಆಸರೆ. ಎಲ್ಲೋ ಕತ್ತಲ ನೀರಿನಲ್ಲಿ ನಾನು ಸಾಕಿದ ಮರಿ ತನ್ನಷ್ಟಕ್ಕೆ ಉಸಿರು ಹಿಡಿದು ಕೆಳಗಿಳಿಯುತ್ತಿದೆ, ಮತ್ತೆ ಮೇಲೆ ಬರುತ್ತಿದೆ ಎಂದುಕೊಂಡು ನಾನೂ ಹಾಗೇ ಉಸಿರೆಳೆದು ಬಿಡುತ್ತಿದ್ದೆ. ಭಾನುವಾರ ಹೊಸದುರ್ಗದಿಂದ ನನ್ನ ಗಂಡ ಬರುತ್ತಿದ್ದರು. ಅಲ್ಲಿ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರೂ "ಕುಂಟಿ ಜೋರಾಗೈತಂತಲ್ಲ" ಎಂದು ತಾವಾಗಿಯೇ ಕೇಳುತ್ತಿದ್ದರು. ಅದುವರೆಗೆ ನನ್ನ ಆಮೆಗಳ ಬಗ್ಗೆ ಅಷ್ಟು ಆಸ್ಥೆ ತೋರಿಸಿದವರೇ ಅಲ್ಲ. ಹೆಂಡತಿ ಹೆತ್ತ ಮೇಲೆ ಗಂಡಸಿನ ಬುದ್ಧಿ ಸುಧಾರಿಸುತ್ತದೆ ಎಂದುಕೊಂಡೆ. ನನ್ನ ಬುದ್ಧಿಗೆ ಏನಾಗಿತ್ತೋ.

ಒಂದು ಸಂಜೆ ಅಕ್ಕ ಚುಕ್ಕಿಯ ಮಾತು ತೆಗೆದಳು. ಆಗ ಮಗುವಿಗೆ ಮೂರನೇ ತಿಂಗಳು ನಡೆಯುತ್ತಿತ್ತು. "ಕುಂಟಿ ಇಷ್ಟು ಚೆನ್ನಾಗಿ ಮುಳುಗ್ತೈತೆ. ಚುಕ್ಕಿನೂ ಬಿಡಾಣೇನೇ? ಬಿಡೋದ್ನ ನೋಡಾಕೆ ದೊಡ್ಡೋರು ಬರ್ತಾರೆ, ದಿನ ಗೊತ್ತಾಗೈತೆ. ನೀನು ಹೂಂ ಅಂದ್ರೆ ಬಿಡಾಣ."

"ಅದರ ಹಿಂಭಾಗ ಎದ್ದೇಳೋದು ನಿಂತೈತಾ?"

"ಕಮ್ಮಿ ಆಗೈತೆ. ಕುಂಟಿಗೂ ಮೊದ್ಲು ಹಂಗೇ ಇತ್ತಲ್ಲ."

ಕುಂಟಿ ಕಡಲಿನಲ್ಲಿ ಮುಳುಗಿತ್ತಲ್ಲ, ಒಪ್ಪಂದ ಅದೇ ತಾನೇ. ನಾನು ಹೂಂ ಎಂದೆ. ಖುಷಿಯಿಂದಲೇ ಎಂದೆ. ಚುಕ್ಕಿಯನ್ನು ಬಿಟ್ಟ ದಿನ ಅವ್ವನಿಗೆ ಹೇಳಿ ಶಾವಿಗೆ ಪಾಯಸ ಮಾಡಿಸಿದೆ. ಅವ್ವ ಮಾಡಿದಳು, ಬಡಿಸಿದಳು, ತಾನು ಮಾತ್ರ ತಿನ್ನಲಿಲ್ಲ. ಹಲ್ಲುನೋವು ಎಂದಳು.

ಅದಾಗಿ ಕೆಲವೇ ದಿನಕ್ಕೆ, ಅಕ್ಕ ಸಂಜೆಯ ವರದಿ ಕೊಡುತ್ತಾ, "ಮೊನ್ನೆ ಕುಂಟಿ ಅಳಿವೆ ಬಾಯಿಗೆ ಬಂದು, ಒಂದು ದಿನ ಅಲ್ಲಿದ್ದು, ತಿರುಗಿ ಬಂಡೆಗೆ ಹೋತು ನೋಡು" ಎಂದಳು. ಹೊಳೆ ಕಡಲಿಗೆ ಸೇರುವ ಆ ಅಳಿವೆಯ ಮಾತು ಕೇಳಿದ ಕೂಡಲೇ ನಾನು ಎದ್ದು ಕೂತೆ. ಅದು ಕುಂಟಿಯ ಚಾಳಿಯಲ್ಲ. ಹಿಂದೊಮ್ಮೆ ನಾವು ಬಿಟ್ಟಿದ್ದ ಬೇರೊಂದು ಆಮೆಯ ಚಾಳಿ. ಅದು ಬಂಡೆಯ ಹತ್ತಿರ ಮೇದು, ಮತ್ತೆ ಮತ್ತೆ ಅಳಿವೆಗೆ ಬಂದು, ಒಂದು ದಿನ ಅಲ್ಲಿದ್ದು, ತಿರುಗಿ ಹೋಗುತ್ತಿತ್ತು. ಯಾಕೆ ಬರುತ್ತದೆ ಎಂದು ನಾನು ಒಂದು ಬೇಸಗೆಯೆಲ್ಲ ತಲೆ ಕೆಡಿಸಿಕೊಂಡಿದ್ದೆ. ಕುರಿಯವರ ಮನೆಯಲ್ಲಿ ಹುಟ್ಟಿದವರಿಗೆ ಒಂದು ಕುರಿಯ ನಡಿಗೆ ಇನ್ನೊಂದಕ್ಕೆ ಬಂದರೆ ತಿಳಿಯುತ್ತದೆ. ಅಕ್ಕ ನನಗೆ ಓದಿ ಹೇಳುತ್ತಿದ್ದದ್ದು ಹಳೆಯ ಆಮೆಯ ದಾರಿ.

ಇರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಆಮೆಗಳಿಗೆ ಒಂದೇ ಚಾಳಿ ಇರಬಾರದೇ? ಸುಸ್ತಾದ ತಲೆ ಏನೇನೋ ಕಟ್ಟುತ್ತದೆ. ಅಕ್ಕನನ್ನು ಅನುಮಾನಿಸುವುದಕ್ಕಿಂತ ನನ್ನನ್ನೇ ಅನುಮಾನಿಸುವುದು ಸುಲಭವಿತ್ತು.

ಮಾರನೇ ದಿನ ಮಧ್ಯಾಹ್ನ ಮಗು ರಚ್ಚೆ ಹಿಡಿಯಿತು. ಅವ್ವ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ದೃಷ್ಟಿಯಾಗಿದ್ದರೆ ಹಣೆಗೆ ದೇವರ ಬಂಡಾರದ ಅರಿಶಿನ ಹಚ್ಚೋಣ ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ದೇವರ ಗೂಡಿನ ಹತ್ತಿರ ಹೋದೆ. ಬಂಡಾರದ ಬಟ್ಟಲಿನ ಹಿಂದೆ ಹಳದಿ ಬಟ್ಟೆಯ ಒಂದು ಗಂಟು. ಕೈಗೆ ಭಾರವಾಯಿತು. ಬಿಚ್ಚಿದೆ. ಕುಂಟಿಯ ಕಿವಿ. ನಾನೇ ಕಲಸಿ ಹಚ್ಚಿದ ಅಂಟು, ಅದರ ಅಂಚಿನಲ್ಲಿ ನನ್ನ ಹೆಬ್ಬೆರಳಿನ ಗುರುತು, ಆಂಟೆನಾ ಮುರಿದಿತ್ತು. ಕೆಳಗೆ ಚಿಪ್ಪಿನ ಒಂದು ಚೂರು ಇನ್ನೂ ಅಂಟಿಕೊಂಡಿತ್ತು. ಅದರ ಮೇಲೆ ಅವ್ವ ಬಂಡಾರ ಉದುರಿಸಿದ್ದಳು.

ಅವ್ವ ಮಾಳಿಗೆಯಿಂದ ಇಳಿದು ಬಂದವಳು ನನ್ನ ಕೈ ನೋಡಿ ಖಾಲಿ ಬುಟ್ಟಿಯನ್ನು ಅಲ್ಲೇ ಇಟ್ಟಳು.

"ಯಾವಾಗವ್ವಾ?"

"ನೀನು ಹಡೆದ ಮರುವಾರ. ತೇಲ್ತಾ ಬಂದು ದಡದಾಗೆ ಬಿದ್ದಿತ್ತಂತೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನಗೆ ಆಗ ಜ್ವರ. ಹಾಲು ಇಳಿದಿರ್ಲಿಲ್ಲ. ಆ ಹುಡುಗಿ ಫೋನ್ ಮಾಡಿ ಅತ್ಲು. ನಾನೇ ಅಂದೆ, ಬಾಣಂತಿಗೆ ಹೇಳ್ಬ್ಯಾಡ ಕಣವ್ವಾ, ಆದ್ರೆ ಕಿವಿ ಮಾತ್ರ ಕಳಿಸು ಅಂತ. ನಿನ್ ಗಂಡನೇ ಹೋಗಿ ತಂದ."

"ಕಿವಿ ನಿನ್ ಮುಂದೆ ಇಡ್ಬೇಕಿತ್ತೇನವ್ವಾ? ಮರಿ ಯಾರದು?"

"ಬಾಣಂತನ ಮುಗುದ ದಿನ ನಿನ್ ಕೈಗೆ ಕೊಡಾಣ ಅಂತ ಇಟ್ಟಿದ್ದೆ. ಬಾಣಂತಿ ಇರೋ ಮನೆಗೆ ಯಾರೂ ಕಿವಿ ತರಲ್ಲ ಕಣೇ. ನಿಮ್ ತಾತನ ಕಾಲದಿಂದ ಹಂಗೇ ಐತೆ."

ಇದ್ದೀತೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳೋಣವೆಂದರೆ ತಾತ ಇಲ್ಲ. ಆ ಕ್ಷಣಕ್ಕೆ ಅವ್ವನೇ ಹುಟ್ಟಿಸಿದ ಕಟ್ಟಳೆ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಹಾಲು ಕುಡಿಸಿದ ತಾಯಿ, ಕಟ್ಟಿಕೊಂಡ ಗಂಡ, ಒಂದೇ ತಟ್ಟೆಯಲ್ಲಿ ಉಂಡ ಗೆಳತಿ, ಮೂವರೂ ಸೇರಿ ನನ್ನ ಸುತ್ತ ಕೂತು ನನ್ನ ಕಣ್ಣಿಗೆ ಮಣ್ಣು ಹಾಕಿದ್ದರು. ನಾನು ಸತ್ತ ಮರಿಯ ಜೊತೆ ಉಸಿರಾಡುತ್ತಿದ್ದೆ. ಅಷ್ಟು ಹೊತ್ತಿಗೆ ಅದು ತಿಂಗಳುಗಳ ಹಿಂದಿನ ಸಾವು, ಅದಕ್ಕೆ ಅಳುವುದಕ್ಕೂ ನನಗೆ ಹಕ್ಕಿಲ್ಲದಂತೆ ಮಾಡಿದ್ದರು. ಅವ್ವ ನನ್ನ ಹೆಗಲಿನಿಂದ ಮಗುವನ್ನು ಎತ್ತಿಕೊಂಡಳು.

ಆಮೇಲೆ ಹೊಳೆಯಿತು. ಕುಂಟಿ ತೇಲಿ ಸತ್ತಿದ್ದರೆ ಚುಕ್ಕಿಯನ್ನು ಬಿಟ್ಟದ್ದು ಯಾವ ಧೈರ್ಯದ ಮೇಲೆ?

"ಬೀಗದ ಕೈ ಕೊಡು" ಎಂದೆ. ಅವ್ವ ಸೊಂಟದಿಂದ ತೆಗೆದು ಕೊಟ್ಟಳು. ಫೋನ್ ಜೀವ ಹಿಡಿಯುವ ತನಕ ಕಾಯಲಾರದೆ ಅವ್ವನ ಫೋನಿನಿಂದಲೇ ಅಕ್ಕನಿಗೆ ಮಾಡಿದೆ. ಸಂಜೆಯಾಗಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹೋದ ಕರೆಯಿಂದಲೇ ಅವಳಿಗೆ ತಿಳಿದಿರಬೇಕು, ಹಲೋ ಎನ್ನುವಾಗಲೇ ಅವಳ ದನಿ ಬಿದ್ದುಹೋಗಿತ್ತು.

"ಕುಂಟಿ ಕಿವಿ ನನ್ ಕೈಯಾಗೈತೆ" ಎಂದೆ. "ಅದನ್ನ ಆಮೇಲೆ ನೋಡಾಣ. ಚುಕ್ಕಿ ಸುಮ್ಕೈತಾ, ಮಾತಾಡ್ತೈತಾ?"

"ನೀನು ಮೊದ್ಲು ಕುಂತ್ಕಳೇ" ಎಂದಳು.

"ಅಕ್ಕಾ, ಚುಕ್ಕಿ ಮಾತಾಡ್ತೈತಾ?"

"ಮಾತಾಡ್ತಾನೇ ಐತೆ ಕಣೇ" ಎಂದಳು. "ಬಿಟ್ಟಾಗ್ಲಿಂದ."

ನಾನು ಕಿರುಚಿದ್ದು ಪಕ್ಕದ ಮನೆಯವರು ಬಾಗಿಲಿಗೆ ಬರುವಷ್ಟಿತ್ತು. ದೋಣಿ ಕಳಿಸು, ಈಗಲೇ ಕಳಿಸು, ತೇಲುತ್ತಿದ್ದರೆ ಹಿಡಿಯಬಹುದು, ಎಲ್ಲಿದೆ ಎಂದು ನಿಮಿಷ ನಿಮಿಷಕ್ಕೂ ಅದೇ ಹೇಳುತ್ತಿದೆಯಲ್ಲ. ಇಷ್ಟು ದಿನ ಯಾಕೆ ಕಳಿಸಲಿಲ್ಲ ಎಂದರೆ, ಇಂದು ಮುಳುಗೀತು ನಾಳೆ ಮುಳುಗೀತು ಎಂದು ಕಾದೆ ಎಂದಳು. ಕುಂಟಿಗೂ ಮೊದಲು ಹಾಗೇ ಇತ್ತಲ್ಲ ಎಂದಳು, ಮತ್ತೆ ಅದೇ ಮಾತು. ನೋಡಲು ಬರುವವರ ದಿನ ಗೊತ್ತಾಗಿತ್ತು, ಚುಕ್ಕಿಯನ್ನು ಬಿಡುವುದು ನಿಂತರೆ ಯಾಕೆಂದು ನೀನು ಕೇಳುತ್ತಿದ್ದೆ, ಕುಂಟಿ ಸತ್ತದ್ದನ್ನು ನಿನಗೆ ಹೇಳಬೇಕಾಗುತ್ತಿತ್ತು, ಹೇಳಬೇಡ ಎಂದು ನಿಮ್ಮ ಮನೆಯವರು ಕೈಮುಗಿದಿದ್ದರು ಎಂದಳು. ಅವಳ ಲೆಕ್ಕದಲ್ಲಿ ಎಲ್ಲಕ್ಕೂ ಕಾರಣವಿತ್ತು. ಆದರೆ ನನ್ನನ್ನು ಕೇಳಿದ್ದು ಯಾಕೆ? ಕೇಳದೆ ಬಿಟ್ಟಿದ್ದರೆ ಆ ತಪ್ಪು ಅವಳದಾಗಿ ಉಳಿಯುತ್ತಿತ್ತು. ಸತ್ತದ್ದನ್ನು ಬದುಕಿದೆ ಎಂದು ತೋರಿಸಿ ನನ್ನ ಬಾಯಿಂದ ಹೂಂ ಅನ್ನಿಸಿಕೊಂಡಳು. ಪಾಯಸ ತಿನ್ನಿಸಿದಳು. ಅದನ್ನು ನನ್ನಿಂದ ಹೊಟ್ಟೆಗೆ ಹಾಕಿಕೊಳ್ಳಲು ಆಗಲಿಲ್ಲ.

ದೋಣಿ ಹೊರಟಿತು. ಬಾಣಂತನದ ಕಾಯಿದೆಯನ್ನೆಲ್ಲ ಆಚೆ ಎಸೆದು ನಾನು ಲ್ಯಾಪ್‌ಟಾಪ್ ಮುಂದೆ ಕೂತೆ. ನಕ್ಷೆಯ ಮೇಲೆ ಚುಕ್ಕೆಗಳು ರಾಗಿ ಚೆಲ್ಲಿದ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಆಳದ ಕಡೆ ನೋಡಿದರೆ ಏನೂ ಇಲ್ಲ. ಚುಕ್ಕಿ ಒಂದು ಸಲವೂ ಕೆಳಗೆ ಹೋಗಿರಲಿಲ್ಲ, ಬಿಸಿಲಿಗೆ ಬೆನ್ನು ಕೊಟ್ಟು ಗಾಳಿ ತಳ್ಳಿದ ಕಡೆ ಹೋಗುತ್ತಿತ್ತು. ಮಗುವಿಗೆ ಹಾಲೂಡಿಸುತ್ತಾ, ದೋಣಿಯವರಿಗೆ ಫೋನಿನಲ್ಲಿ ಜಾಗ ಹೇಳುತ್ತಾ ಇದ್ದೆ. ಅವ್ವ ನನ್ನ ಕಿವಿಯ ಹತ್ತಿಯನ್ನು ಮತ್ತೆ ಇಡಲು ಬಂದಳು, ಕೈ ತಳ್ಳಿದೆ. ಮಾರನೇ ದಿನ ಹೊತ್ತು ಇಳಿಯುವಾಗ ಸಿಕ್ಕಿತು. ಜೀವವಿತ್ತು. ಬೆನ್ನು ಒಣಗಿ ಬಿರುಕು ಬಿಟ್ಟಿತ್ತು ಎಂದರು. ಒಂದು ರಾತ್ರಿ ತೊಟ್ಟಿಯಲ್ಲಿತ್ತು, ಬೆಳಗಿಗೆ ಇರಲಿಲ್ಲ.

ಆ ಭಾನುವಾರ ಗಂಡ ಬಂದರು. ಅವ್ವ ಮೊದಲೇ ಫೋನ್ ಮಾಡಿ ಹೇಳಿದ್ದಳೆಂದು ಕಾಣುತ್ತದೆ, ಚಪ್ಪಲಿ ಬಿಡುವಾಗಲೇ ತಲೆ ತಗ್ಗಿತ್ತು.

"ನಿನ್ನ ಒಳ್ಳೇದಕ್ಕೇ ಕಣೇ. ನಿನಗೂ ಮಗೂಗೂ ಏನಾರಾ ಆಗಿದ್ರೆ?"

"ನನ್ ಒಳ್ಳೇದು ಎಲ್ರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು. ವಾರ ವಾರ ಬಂದು ಕುಂಟಿ ಜೋರಾಗೈತಾ ಅಂತ ಕೇಳ್ತಿದ್ರಲ್ರೀ, ಸತ್ತಿದ್ದರ ಕಿವಿನ ನೀವೇ ಚೀಲದಾಗೆ ಹಾಕ್ಕಂಡು ಬಂದು. ಹೆಂಗೆ ಬಾಯಿ ಬಂತು?"

ಅವರು ಮಗುವಿನ ತೊಟ್ಟಿಲು ತೂಗುತ್ತಾ ಕೂತರು. ಅವರ ಜೊತೆ ನಾನು ಮುಂದೆ ಸಂಸಾರ ಮಾಡಿದ್ದೇನೆ, ಮಾಡುತ್ತಲೇ ಇದ್ದೇನೆ. ಆದರೆ ಮಗಳಿಗೆ ಜ್ವರ ಬಂದು ಅವರು "ಏನೂ ಆಗಿಲ್ಲ, ಚೆನ್ನಾಗೈತೆ" ಎಂದು ಆಸ್ಪತ್ರೆಯಿಂದ ಫೋನ್ ಮಾಡಿದರೆ, ನಾನು ಈಗಲೂ ನರ್ಸ್ ಕೈಗೆ ಫೋನ್ ಕೊಡಿ ಎನ್ನುತ್ತೇನೆ.

ಚುಕ್ಕಿ ಸತ್ತ ದಿನವೇ ಅಕ್ಕ ಬಸ್ ಹತ್ತಿದ್ದಳು. ಅಂದರೆ ಗಂಡ ಬರುವುದಕ್ಕೂ ಮುಂಚಿನ ಮಾತು ಇದು, ಕೊನೆಗೆ ಹೇಳುತ್ತಿದ್ದೇನೆ, ಯಾಕೆಂದರೆ ಹೇಳಲು ಕಷ್ಟವಾದದ್ದು ಇದೇ. ಘಟ್ಟ ಹತ್ತಿ, ಶಿವಮೊಗ್ಗ ದಾಟಿ, ಹೊಳಲ್ಕೆರೆಯಲ್ಲಿ ತನ್ನ ಮನೆಯವರಿಗೆ ಮುಖ ಕೂಡ ತೋರಿಸದೆ, ದುರ್ಗದಲ್ಲಿ ಬಸ್ ಬದಲಿಸಿ, ಮಾರನೇ ಬೆಳಿಗ್ಗೆ ನಮ್ಮ ಬಾಗಿಲಿನಲ್ಲಿ ನಿಂತಳು. ಕೂದಲು ಕೆದರಿತ್ತು, ಬಟ್ಟೆಗೆ ತೊಟ್ಟಿಯ ವಾಸನೆ.

"ಬಾರವ್ವಾ, ಕುಂತ್ಕಾ" ಎಂದಳು ಅವ್ವ. ಬಾಣಂತಿ ಇರುವ ಮನೆಗೆ ಕಿವಿ ತರುವುದಿಲ್ಲ ಎಂಬ ಕಟ್ಟಳೆ ಆಗ ಅವಳ ನೆನಪಿಗೆ ಬರಲಿಲ್ಲ.

ಅಕ್ಕ ಕೂರಲಿಲ್ಲ. ಚೀಲದಿಂದ ಒಂದು ಕರವಸ್ತ್ರದ ಗಂಟು ತೆಗೆದು ನನ್ನ ಮುಂದೆ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ತಾತನ ಜಗುಲಿಯಲ್ಲಿ ಆ ಮನುಷ್ಯ ನಿಂತ ಹಾಗೆಯೇ. ನಾನೇ ಹಾಸ್ಟೆಲಿನಲ್ಲಿ ನಡೆದು ತೋರಿಸಿ ಹೇಳಿದ್ದ ಕಥೆ, ಅವಳು ಒಂದನ್ನೂ ಮರೆತಿರಲಿಲ್ಲ. ನಾನು ಗಂಟು ಬಿಚ್ಚಿದೆ. ಚುಕ್ಕಿಯ ಕಿವಿ. ಈ ಅಂಟು ಅವಳು ಹಚ್ಚಿದ್ದು, ಅಂಚಿನಲ್ಲಿ ಅವಳ ಬೆರಳು. ನಾನು ಅದರ ಮೇಲೆ ಹೆಬ್ಬೆರಳು ಆಡಿಸಿದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಕ್ಕನೂ ನೋಡುತ್ತಿದ್ದಳು.

ಈ ಸಲ ಅವಳು ತಡಮಾಡಿರಲಿಲ್ಲ. ಸತ್ತ ಕೂಡಲೇ ಹೊರಟು ಬಂದಿದ್ದಳು, ತಾನೇ ಬಂದಿದ್ದಳು, ಕೇಳದೆ ತಂದಿದ್ದಳು. ಕಟ್ಟಳೆಯ ಪ್ರಕಾರ ನಾನು ಇನ್ನೇನೂ ಕೇಳುವ ಹಾಗಿರಲಿಲ್ಲ.

"ಊಟ ಮಾಡ್ಕಂಡು ಹೋಗು" ಎಂದೆ.

ಅವ್ವ ಮುದ್ದೆ ಹಾಕಿದಳು. ಅಕ್ಕ ತಟ್ಟೆಯ ಮೇಲೆ ಬಗ್ಗಿ ಉಂಡಳು, ಕಣ್ಣೀರು ಸಾರಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಟ್ಟೆ ತೊಳೆದಿಟ್ಟಳು. ಮಗುವಿನ ಪಾದ ಮುಟ್ಟಿ ನೋಡಿದಳು, ಎತ್ತಿಕೊಳ್ಳಲಾ ಎಂದು ಕೇಳುವ ಧೈರ್ಯ ಮಾಡಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡ ಮೇಲೂ ಚೀಲದ ಪಟ್ಟಿ ಸರಿಮಾಡುವ ನೆಪದಲ್ಲಿ ಬಹಳ ಹೊತ್ತು ನಿಂತಳು. ಏನು ಕೇಳಿಸಿಕೊಳ್ಳಲು ನಿಂತಿದ್ದಾಳೆ ಎಂದು ಮನೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಹೇಳೇ" ಎಂದಳು ಅವ್ವ, ಮೆಲ್ಲಗೆ.

ನಾನು ಮಗಳನ್ನು ಎತ್ತಿಕೊಂಡು ಒಳಗೆ ಹೋದೆ.